ಮೊದಲ ವಾರ 31 ಜನ, ಎಂಟನೇ ವಾರ 4 ಜನ. ದೊಡ್ಡವರ ಧರ್ಮೋಪದೇಶ ಹೇಗೆ ನಡೆಸುತ್ತೀರಿ?

ಕೊನೇಬೆಂಚು ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಾನು ದೇವಶಾಸ್ತ್ರ ಓದಿದವಳಲ್ಲ. ಆಫೀಸು, ಮನೆ, ಭಾನುವಾರ ಚರ್ಚಿನಲ್ಲಿ ಬಲಿಪೂಜೆ, ಇಷ್ಟೇ ನನ್ನ ಪ್ರಪಂಚ. ಕೆಲವು ತಿಂಗಳ ಹಿಂದೆ ಪೂಜೆ ಮುಗಿಸಿ ಹೊರಗೆ ಬರುತ್ತಿದ್ದಾಗ ನಮ್ಮ ಧರ್ಮಕೇಂದ್ರದ ಫಾದರ್ ಕರೆದು, 'ಮಕ್ಕಳಿಗೆ ಧರ್ಮೋಪದೇಶ ಇದೆ, ದೊಡ್ಡವರಿಗೆ ಏನೂ ಇಲ್ಲ, ನೀವೇ ಏನಾದರೂ ಶುರು ಮಾಡಿ' ಎಂದರು. ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಒಪ್ಪಿಕೊಂಡೆ.

ಎಂಟು ವಾರದ ತರಗತಿ ಅಂತ ಘೋಷಣೆ ಮಾಡಿಸಿದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ ನಾಲ್ಕು ಭಾಗ ಇದೆಯಲ್ಲ, ವಿಶ್ವಾಸ ಸಂಗ್ರಹ, ಸಂಸ್ಕಾರಗಳು, ಕ್ರಿಸ್ತನಲ್ಲಿ ಬಾಳು, ಪ್ರಾರ್ಥನೆ. ಒಂದೊಂದು ಭಾಗಕ್ಕೆ ಎರಡೆರಡು ವಾರ ಹಂಚಿದೆ. ರಾತ್ರಿ ಕೂತು ಸ್ಲೈಡ್ ಮಾಡಿದೆ. ಪ್ರೊಜೆಕ್ಟರ್ ಎರವಲು ತಂದೆ. ಮೊದಲ ವಾರ 31 ಜನ ಬಂದರು, ಕುರ್ಚಿ ಸಾಲದೆ ಬೇರೆ ಕೋಣೆಯಿಂದ ತರಬೇಕಾಯಿತು, ಖುಷಿಯಲ್ಲಿ ನನಗೆ ಅವತ್ತು ನಿದ್ದೆಯೇ ಬರಲಿಲ್ಲ. ಎರಡನೇ ವಾರ 22. ಮೂರನೇ ವಾರ 13. ಕೊನೆಯ ವಾರ 4 ಜನ. ಆ ನಾಲ್ವರಲ್ಲಿ ಒಬ್ಬರು ಹಾಲ್ ಬೀಗ ಹಾಕುವವರು.

ನನ್ನ ಕಷ್ಟ ಮೂರು. ಒಂದು, ಇದನ್ನು ಮತ್ತೆ ಮಾಡಬೇಕಾ, ಮಾಡಿದರೆ ಹೇಗೆ? ಎರಡು, ಫಾದರ್ ಈಗ 'ಸುವಾರ್ತಾ ಪ್ರಸಾರವನ್ನೂ ಸೇರಿಸಿಕೊಳ್ಳಿ' ಅನ್ನುತ್ತಿದ್ದಾರೆ. ಅಂದರೆ ನಿಜಕ್ಕೂ ಏನು ಮಾಡಬೇಕು? ಮನೆಮನೆ ಬಾಗಿಲು ತಟ್ಟಬೇಕಾ? ನನಗೆ ಅದು ಆಗದ ಕೆಲಸ, ಮತ್ತೆ ಯಾರಿಗಾದರೂ ಮುಜುಗರ ಮಾಡೋದೂ ಇಷ್ಟ ಇಲ್ಲ. ಮೂರು, ಪಾಲನಾ ಸಮಿತಿಯಲ್ಲಿ ಈ ಮಾತು ಎತ್ತಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಆಮೇಲೆ ಗೋಡೆಗೆ ಬಣ್ಣ ಹೊಡೆಸುವ ವಿಷಯಕ್ಕೆ ಹೋಗುತ್ತಾರೆ. ಇವರಿಂದ ಸಹಾಯ ಹೇಗೆ ಕೇಳೋದು?

ಬೈಯೋದಿದ್ದರೂ ಬೈಯಿರಿ. ಆದರೆ ಉಪಯೋಗಕ್ಕೆ ಬರೋ ಹಾಗೆ ಬೈಯಿರಿ.

---

ಹಳೇಮೇಷ್ಟ್ರು ಉತ್ತರ:

ಅಮ್ಮಾ, ಬೈಯುವಂಥದ್ದು ಏನೂ ಇಲ್ಲ. ಉಪದೇಶಿ ಕೆಲಸಕ್ಕೆ ಕೈಹಾಕಿದ ಪ್ರತಿಯೊಬ್ಬರಿಗೂ ಈ 31-22-13-4 ಲೆಕ್ಕ ಗೊತ್ತು. ನನ್ನದು ಒಂದು ಸಲ ಸೊನ್ನೆಗೆ ಇಳಿದಿತ್ತು. ಬೀಗ ಹಾಕುವವರೂ ಇರಲಿಲ್ಲ, ನಾನೇ ಹಾಕಿಕೊಂಡು ಬಂದೆ.

ಒಂದು ಹಳೇ ವಿಷಯ ಹೇಳುತ್ತೇನೆ. ಸುಮಾರು ಕ್ರಿ.ಶ. 400ರ ಹೊತ್ತಿಗೆ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ದೇವೊಗ್ರಾತಿಯಾಸ್ ಅಂತ ಒಬ್ಬ ಉಪಯಾಜಕ ಇದ್ದ. ಹೊಸದಾಗಿ ಬಂದವರಿಗೆ ವಿಶ್ವಾಸ ಹೇಳಿಕೊಡೋದು ಅವನ ಕೆಲಸ. ಮಾತು ಉದ್ದ ಆಗುತ್ತದೆ, ನೀರಸ ಆಗುತ್ತದೆ, ಕೇಳುವವರಿಗಷ್ಟೇ ಅಲ್ಲ ನನಗೇ ಬೇಜಾರು ಬರುತ್ತದೆ, ಏನು ಮಾಡಲಿ ಅಂತ ಅದೇ ಸೀಮೆಯ ಧರ್ಮಾಧ್ಯಕ್ಷ (ಬಿಷಪ್) ಸಂತ ಅಗಸ್ಟೀನರಿಗೆ ದುಃಖ ತೋಡಿಕೊಂಡ. ಅಂದರೆ ನಿಮ್ಮ ಪ್ರಶ್ನೆಗೆ 1600 ವರ್ಷ ವಯಸ್ಸಾಗಿದೆ. ಅಗಸ್ಟೀನ್ ಕೊಟ್ಟ ಉತ್ತರದಲ್ಲಿ ನನಗೆ ಬಹಳ ಇಷ್ಟವಾದದ್ದು ದೊಡ್ಡ ತತ್ವ ಅಲ್ಲ. ಕೇಳುವವನು ನಿಂತು ನಿಂತು ದಣಿದಿದ್ದರೆ ಕೂರಲು ಒಂದು ಆಸನ ಕೊಡು ಅನ್ನುತ್ತಾರೆ. ಆ ಕಾಲದಲ್ಲಿ ಅಲ್ಲಿ ಜನ ನಿಂತೇ ಕೇಳುತ್ತಿದ್ದರು. ಅವನು ಯಾಕೆ ಬಂದಿದ್ದಾನೆ ಅಂತ ಮೊದಲು ಕೇಳು, ಅಲ್ಲಿಂದಲೇ ನಿನ್ನ ಮಾತು ಶುರುವಾಗಲಿ ಅಂತಲೂ ಹೇಳುತ್ತಾರೆ.

ನಿಮ್ಮ ಸ್ಲೈಡ್ ವಿಷಯಕ್ಕೆ ಬರೋಣ. ಆ ಗ್ರಂಥದಲ್ಲಿ 2865 ಪರಿಚ್ಛೇದ ಇವೆ. 1992ರಲ್ಲಿ ಅದನ್ನು ಹೊರತಂದಾಗ ಮೊದಲು ಉದ್ದೇಶಿಸಿದ್ದು ಧರ್ಮಾಧ್ಯಕ್ಷರನ್ನು, ಆಮೇಲೆ ಪಠ್ಯ ಬರೆಯುವವರನ್ನು, ಗುರುಗಳನ್ನು, ಉಪದೇಶಿಗಳನ್ನು. ವಿಶ್ವಾಸಿಗಳೂ ಓದಬಹುದು, ಓದಬೇಕು. ಆದರೆ ಅದು ಉಗ್ರಾಣ. ಉಗ್ರಾಣದ ಬಾಗಿಲು ತೆರೆದು ಎಂಟು ವಾರ ಒಂದೊಂದೇ ಡಬ್ಬಿ ತೋರಿಸಿದರೆ ಯಾರ ಹೊಟ್ಟೆ ತುಂಬುತ್ತದೆ ಹೇಳಿ.

ನಾನು ಈಗ ಮಾಡೋದು ಹೀಗೆ. ಮುಂದಿನ ಭಾನುವಾರದ ಪೂಜೆಯಲ್ಲಿ ಓದುವ ಶುಭಸಂದೇಶದ ಭಾಗ ಇಟ್ಟುಕೊಳ್ಳುತ್ತೇನೆ. ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಹೊಡೆಯುತ್ತವೆ, ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ನಡುನಡುವೆ ಯೊವಾನ್ನ. ಹೀಗಾಗಿ ಪಾಠಪಟ್ಟಿ ನಾವು ಮಾಡಬೇಕಾಗಿಯೇ ಇಲ್ಲ. ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬರು ಅದನ್ನೇ ಮತ್ತೆ ಓದುತ್ತಾರೆ, ದನಿ ಬದಲಾದರೆ ಕಿವಿಯೂ ಬದಲಾಗುತ್ತದೆ. ಎರಡು ನಿಮಿಷ ಮೌನ. ಈ ಎರಡು ನಿಮಿಷ ನನಗೆ ಮೊದಮೊದಲು ಎರಡು ಗಂಟೆ ಅನ್ನಿಸುತ್ತಿತ್ತು, ಮಧ್ಯೆ ಬಾಯಿ ಹಾಕದೆ ಇರೋದು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ಆಮೇಲೆ ಒಂದೇ ಪ್ರಶ್ನೆ: ಯಾವ ಮಾತು ನಿಮ್ಮನ್ನು ತಡೆದು ನಿಲ್ಲಿಸಿತು? ಒಂದು ಪದ ಹೇಳಿದರೂ ಸಾಕು, ಹೇಳದಿದ್ದರೂ ಸರಿ. ಎಲ್ಲರದೂ ಆದ ಮೇಲೆ ಹದಿನೈದು ನಿಮಿಷ ನಾನು ಮಾತಾಡುತ್ತೇನೆ. ಅದಕ್ಕಿಂತ ಜಾಸ್ತಿ ಇಲ್ಲ. ಕೊನೆಗೆ ಪ್ರಾರ್ಥನೆ. ಒಟ್ಟು ಒಂದೂಕಾಲು ಗಂಟೆ, ಗಡಿಯಾರ ನೋಡಿ ನಿಲ್ಲಿಸುತ್ತೇನೆ. ಸರಿಯಾದ ಹೊತ್ತಿಗೆ ಬಿಟ್ಟರೆ ಜನ ಮುಂದಿನ ವಾರ ಬರುತ್ತಾರೆ.

ಬೈಬಲಿನಲ್ಲಿ ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯ ಒಮ್ಮೆ ತೆಗೆದು ನೋಡಿ. ಎಥಿಯೋಪಿಯದ ಕಂಚುಕಿ, ಅಂದರೆ ಆಸ್ಥಾನದ ಅಧಿಕಾರಿ, ರಥದಲ್ಲಿ ಕೂತು ಪ್ರವಾದಿ ಯೆಶಾಯನ ಗ್ರಂಥ ಓದುತ್ತಿದ್ದಾನೆ. ಶುಭಸಂದೇಶ ಸಾರುತ್ತಿದ್ದ ಫಿಲಿಪ್ಪ ಓಡಿಹೋಗಿ, ಓದುತ್ತಿರೋದು ಅರ್ಥವಾಗುತ್ತಿದೆಯಾ ಅಂತ ಕೇಳುತ್ತಾನೆ. ಯಾರೂ ದಾರಿ ತೋರಿಸದಿದ್ದರೆ ಹೇಗೆ ಅರ್ಥವಾಗಬೇಕು ಅಂತ ಅವನು ಇವನನ್ನೇ ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಫಿಲಿಪ್ಪ ಆಗ ತನ್ನ ಒಂದನೇ ಪಾಠ ತೆಗೆಯೋದಿಲ್ಲ. ಆ ಮನುಷ್ಯ ಓದುತ್ತಿದ್ದ ವಾಕ್ಯದಿಂದಲೇ ಹಿಡಿಯುತ್ತಾನೆ.

ಕೊನೆಗೆ ನಿಮಗೆ ಒಂದು ಪ್ರಶ್ನೆ. 27 ಜನ ಯಾಕೆ ಹೋದರು ಅಂತ ತಲೆ ಕೆಡಿಸಿಕೊಂಡಿದ್ದೀರಿ. ಆ ನಾಲ್ಕು ಜನ ಯಾಕೆ ಉಳಿದರು ಅಂತ ಅವರನ್ನೇ ಕೇಳಿದ್ದೀರಾ?

---

ರಾತ್ರಿಪಾಳಿ ಉತ್ತರ:

ನಾನು ಹೋಗಿಬಿಟ್ಟ 27ರ ಪೈಕಿ. ನಿಮ್ಮ ತರಗತಿ ಅಲ್ಲ, ಬೇರೆ ಕಡೆಯದು. ಆದರೆ ಕಥೆ ಅದೇ.

ಮೊದಲನೆಯದು, ನೀವೆಲ್ಲ ಇಡೋದು ಸಂಜೆ. ನನಗೆ ಕೆಲಸ ಶುರುವಾಗೋದೇ ಸಂಜೆ. ಮನೆಯಲ್ಲಿ ಸಣ್ಣ ಮಕ್ಕಳಿರುವವರಿಗೂ ಸಂಜೆ ಅಂದರೆ ಯುದ್ಧಕಾಲ. ಯಾರು ಬರಲಿ ಅಂತ ಆಸೆಪಡುತ್ತೀರೋ ಅವರು ಬರೋಕೆ ಆಗದ ಹೊತ್ತಲ್ಲೇ ಇಟ್ಟು, ಆಮೇಲೆ ಜನರಿಗೆ ಆಸಕ್ತಿ ಇಲ್ಲ ಅಂತ ಪ್ರಬೋಧನೆಯಲ್ಲಿ ಹೇಳಿಸಿದರೆ ಸಿಟ್ಟು ಬರುತ್ತದೆ.

ಎರಡನೆಯದು ಜಾಸ್ತಿ ಮುಖ್ಯ. ಕೆಲವು ವರ್ಷಗಳ ಹಿಂದೆ ಮಗಳ ಜ್ಞಾನಸ್ನಾನಕ್ಕೆ ಅಂತ ಹೋದೆ. ಬಲಿಪೂಜೆಗೆ ಹೋಗೋದು ಬಿಟ್ಟು ಆಗಲೇ ಬಹಳ ಕಾಲ ಆಗಿತ್ತು. ಆದರೂ ಮಗುವನ್ನು ಎತ್ತಿಕೊಂಡ ಮೇಲೆ ಒಳಗೆ ಏನೋ ಆಗಿತ್ತು, ಹೇಳೋಕೆ ಬರೋದಿಲ್ಲ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆನೇನೋ. ಪೋಷಕರ ತಯಾರಿ ಅಂತ ಮುಕ್ಕಾಲು ಗಂಟೆ ಕೂರಿಸಿದರು. ಫಾರಂ ತುಂಬುವುದು ಹೇಗೆ, ಜ್ಞಾನತಂದೆಗೆ 16 ವರ್ಷ ಆಗಿರಬೇಕು, ದೃಢೀಕರಣ ಸಂಸ್ಕಾರ ಆಗಿರಬೇಕು, ಫೋಟೋ ತೆಗೆಯುವವರು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು. ಫೋಟೋದವರ ಬಗ್ಗೆಯೇ ಹತ್ತು ನಿಮಿಷ. ನಾವು ಏಳು ಜೋಡಿ ಕೂತಿದ್ದೆವು. ಒಬ್ಬರಿಗೂ 'ಯಾಕಪ್ಪಾ ಈ ಮಗುವಿಗೆ ಜ್ಞಾನಸ್ನಾನ ಬೇಕು ಅನ್ನಿಸಿತು' ಅಂತ ಕೇಳಲಿಲ್ಲ. ಸಹಿ ಹಾಕಿದೆ, ಬಂದೆ.

ಕೊನೇಬೆಂಚು ಅವರೇ, ಮನೆಮನೆ ಬಾಗಿಲು ತಟ್ಟಬೇಕಾ ಅಂತ ಕೇಳಿದಿರಲ್ಲ. ಬಾಗಿಲು ತಟ್ಟಿಕೊಂಡು ಬರುವವರು ನಾವೇ. ಜ್ಞಾನಸ್ನಾನಕ್ಕೆ ಬರುತ್ತೇವೆ, ಮದುವೆಗೆ ಬರುತ್ತೇವೆ, ಮಗುವಿನ ಮೊದಲ ಪರಮಪ್ರಸಾದಕ್ಕೆ ಬರುತ್ತೇವೆ, ಸಾವಾದಾಗ ಬರುತ್ತೇವೆ. ತೆರೆದವರು ರಸೀದಿ ಕೊಟ್ಟು ಕಳಿಸುತ್ತಾರೆ.

---

ಪಾಸ್ಖರಾತ್ರಿ ಉತ್ತರ:

ರಾತ್ರಿಪಾಳಿ ಬರೆದದ್ದು ಓದಿ ಬೇಜಾರಾಯಿತು. ನನ್ನ ಅನುಭವ ಅದಕ್ಕೆ ತಿರುಗುಮುರುಗು, ಮೊದಲ ಅರ್ಧ ಮಾತ್ರ.

ನಾನು ದೊಡ್ಡವಳಾದ ಮೇಲೆ ಜ್ಞಾನಸ್ನಾನ ಪಡೆದವಳು. ಹುಟ್ಟಿನಿಂದ ಕಥೋಲಿಕರಾದವರಿಗೆ ಈ ದಾರಿಯ ಬಗ್ಗೆ ಎಷ್ಟು ಕಡಿಮೆ ಗೊತ್ತು ಅಂತ ನನಗೆ ಈಗಲೂ ಆಶ್ಚರ್ಯ. ಆದಿ ಧರ್ಮಸಭೆಯಲ್ಲಿ ಇದ್ದ ದೀಕ್ಷಾರ್ಥಿಗಳ, ಅಂದರೆ ಜ್ಞಾನಸ್ನಾನಕ್ಕೆ ತಯಾರಾಗುವವರ, ಕ್ರಮವನ್ನು ಲೋಕದ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಮತ್ತೆ ತರಬೇಕು ಅಂತ ಹೇಳಿತು, 1972ರಲ್ಲಿ ಅದರ ವಿಧಿ ಬಂತು. ಮೊದಲು ವಿಚಾರಿಸುವ ಕಾಲ, ಆಗ ನೀವು ಏನು ಬೇಕಾದರೂ ಕೇಳಬಹುದು, ಒಪ್ಪಬೇಕು ಅಂತಿಲ್ಲ. ಆಮೇಲೆ ದೀಕ್ಷಾರ್ಥಿಯಾಗಿ ಕಲಿಯುವ ಕಾಲ, ಇದು ತಿಂಗಳುಗಟ್ಟಲೆ, ವರ್ಷವೂ ಆಗಬಹುದು. ಆಮೇಲೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ತೀವ್ರ ತಯಾರಿ. ಪಾಸ್ಖ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್ ಹಿಂದಿನ ರಾತ್ರಿ, ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ, ಮೂರೂ ಒಟ್ಟಿಗೆ.

ನನಗೆ ಆ ತರಗತಿಗಳಲ್ಲಿ ಹೇಳಿಕೊಟ್ಟದ್ದು ಎಷ್ಟು ನೆನಪಿದೆಯೋ ಗೊತ್ತಿಲ್ಲ. ಆದರೆ ದೀಕ್ಷಾರ್ಥಿಯಾಗಿ ಸ್ವೀಕರಿಸಿದ ದಿನ ನೆನಪಿದೆ. ಹಣೆಗೆ ಶಿಲುಬೆ ಗುರುತು ಹಾಕುತ್ತಾರೆ. ಆಮೇಲೆ ಕಿವಿಗೆ, ಪ್ರಭುವಿನ ದನಿ ಕೇಳಲಿ ಅಂತ. ಕಣ್ಣಿಗೆ, ತುಟಿಗೆ, ಎದೆಗೆ, ಭುಜಕ್ಕೆ. ನನ್ನ ಪ್ರಾಯೋಜಕಿ ವಯಸ್ಸಾದವರು, ಬಹಳ ಸಂಕೋಚದವರು. ಎಲ್ಲರ ಮುಂದೆ ನನ್ನ ಕಿವಿ ಮುಟ್ಟುವಾಗ ಅವರ ಹೆಬ್ಬೆರಳು ನಡುಗುತ್ತಿತ್ತು, ಕಣ್ಣಿಗೆ ಬಂದಾಗ ನನ್ನ ಕನ್ನಡಕ ತೆಗೆಯೋದನ್ನು ಇಬ್ಬರೂ ಮರೆತಿದ್ದೆವು. ಗಾಜಿನ ಮೇಲೆ ಅವರ ಬೆರಳಿನ ಗುರುತು ಉಳಿಯಿತು. ಅವತ್ತಿಡೀ ನಾನು ಅದನ್ನು ಒರೆಸಲಿಲ್ಲ.

ಹೇಳಬೇಕಾದ್ದು ಏನೆಂದರೆ, ಇದೆಲ್ಲ ಭಾನುವಾರದ ಪೂಜೆಯಲ್ಲಿ, ಇಡೀ ಧರ್ಮಕೇಂದ್ರದ ಎದುರು ಆಗುತ್ತದೆ. ತಪಸ್ಸುಕಾಲದ 3, 4, 5ನೇ ಭಾನುವಾರ ಮನಸ್ಸನ್ನು ಒರೆಹಚ್ಚಿ ನೋಡಿಕೊಳ್ಳುವ ಪರಿಶೋಧನೆಯ ಪ್ರಾರ್ಥನೆಗಳಿರುತ್ತವೆ, ಸಮಾರ್ಯದ ಹೆಂಗಸು, ಹುಟ್ಟುಕುರುಡ, ಲಾಜರ, ಈ ಮೂರು ವಾಚನಗಳ ಜೊತೆ. ನೋಡುತ್ತಾ ಕೂತ ಹಳಬರು ಎಷ್ಟೋ ಜನ ಆಮೇಲೆ ಬಂದು 'ನಮಗೂ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ' ಅಂದರು. ನಿಮ್ಮಲ್ಲಿ ಒಬ್ಬರೇ ಒಬ್ಬ ದೀಕ್ಷಾರ್ಥಿ ಇದ್ದರೂ ಅವರ ಸುತ್ತ ಹಳಬರನ್ನು ಕೂರಿಸಿ. ಹೊಸಬರು ಕೇಳುವ ಪ್ರಶ್ನೆ ಕೇಳೋಕೆ ಹಳಬರಿಗೆ ನಾಚಿಕೆ, ಅಷ್ಟೇ.

ಇನ್ನು ಎರಡನೇ ಅರ್ಧ. ಪಾಸ್ಖ ಮುಗಿದ ಮೇಲೆ ಇನ್ನೂ ಒಂದು ಕಾಲ ಇರುತ್ತದೆ, ಪಡೆದ ಸಂಸ್ಕಾರಗಳ ಒಳಾರ್ಥ ಸವಿಯುವ ಕಾಲ, ಐವತ್ತನೇ ದಿನದ ಪಂಚಾಶತ್ತಮ ಹಬ್ಬದವರೆಗೆ. ನಮಗೆ ಅದು ಆಗಲೇ ಇಲ್ಲ. ಪಾಸ್ಖದ ಮರುವಾರ ಹೋದರೆ ಕೋಣೆಗೆ ಬೀಗ. ಕೇಳಿದ್ದಕ್ಕೆ 'ಮುಗೀತಲ್ಲ' ಅಂದರು. ನನ್ನ ಜೊತೆ ಜ್ಞಾನಸ್ನಾನ ಪಡೆದ ನಾಲ್ವರಲ್ಲಿ ಇಬ್ಬರನ್ನು ನಾನು ಆಮೇಲೆ ನೋಡಿಲ್ಲ.

ಸುವಾರ್ತಾ ಪ್ರಸಾರ ಅಂದರೆ ಏನು ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಅದು ನನ್ನ ಸಹೋದ್ಯೋಗಿ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ದಿನಾ ಸಂಜೆ ಬಂದು ಕೂರುತ್ತಿದ್ದರು. ಒಂದು ದಿನವೂ ಧರ್ಮದ ಮಾತು ಎತ್ತಲಿಲ್ಲ. ಒಂದು ತಿಂಗಳಾದ ಮೇಲೆ ನಾನೇ ಕೇಳಿದೆ, ಯಾಕೆ ಬರುತ್ತೀರಿ ಅಂತ. ಆಗ ಹೇಳಿದರು, ಐದು ನಿಮಿಷ. ಅಷ್ಟೇ. ಆದರೆ ಕೇಳಿದಾಗ ಹೇಳಿದರು ನೋಡಿ, ಅದೂ ಮುಖ್ಯ. ಇವತ್ತಿನ ಮನುಷ್ಯ ಬೋಧಕರಿಗಿಂತ ಸಾಕ್ಷಿಗಳ ಮಾತನ್ನು ಹೆಚ್ಚು ಕೇಳುತ್ತಾನೆ ಅಂತ 1975ರಲ್ಲೇ ಪೋಪ್ ಆರನೇ ಪೌಲರು ಬರೆದಿದ್ದರು. ಅದೇ ಪತ್ರದಲ್ಲಿ, ಬಾಳು ಎಷ್ಟೇ ಒಳ್ಳೆಯದಾಗಿದ್ದರೂ ಕೊನೆಗೆ ಯೇಸುವಿನ ಹೆಸರು ಹೇಳದಿದ್ದರೆ ಅದು ಪೂರ್ತಿ ಆಗೋದಿಲ್ಲ ಅಂತಲೂ ಇದೆ. ಜನ ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಮುಜುಗರದ ವಿಷಯ: ನಿಮ್ಮ ಅಂಜಿಕೆ ಸರಿಯಾಗಿಯೇ ಇದೆ. ಯಾರನ್ನೂ ಒತ್ತಾಯದಿಂದಾಗಲಿ, ಆಮಿಷದಿಂದಾಗಲಿ ವಿಶ್ವಾಸಕ್ಕೆ ಸೆಳೆಯಬಾರದು ಅಂತ 1965ರಲ್ಲೇ ಮಹಾಸಭೆ ಸ್ಪಷ್ಟವಾಗಿ ನಿಷೇಧಿಸಿದೆ. ಧರ್ಮಸಭೆ ಬೆಳೆಯೋದು ಆಕರ್ಷಣೆಯಿಂದ ಅಂತ ಪೋಪ್ ಹದಿನಾರನೇ ಬೆನೆಡಿಕ್ಟರು 2007ರಲ್ಲಿ ಬ್ರೆಜಿಲ್‌ನ ಅಪರೆಸಿಡಾದಲ್ಲಿ ಹೇಳಿದ್ದನ್ನು ಪೋಪ್ ಫ್ರಾನ್ಸಿಸ್ ಎಷ್ಟು ಸಲ ಹೇಳಿದರೋ ಲೆಕ್ಕ ಇಲ್ಲ.

---

ಲೆಕ್ಕಪುಸ್ತಕ ಉತ್ತರ:

ನಾನು ನಮ್ಮಲ್ಲಿ ಹಣಕಾಸು ಸಮಿತಿಯಲ್ಲಿ ಇದ್ದೇನೆ, ಅಂದರೆ ನಿಮ್ಮ ಕಥೆಯಲ್ಲಿ ಬಣ್ಣ ಹೊಡೆಸುವವನು ನಾನೇ. ಆ ಕಡೆಯ ಮಾತೂ ಕೇಳಿ.

ಗೋಡೆ ಸೋರುತ್ತಿದೆ ಅಂದರೆ ನನಗೆ ಎಷ್ಟು ಖರ್ಚು, ಯಾವಾಗ ಮುಗಿಯುತ್ತದೆ ಅಂತ ಗೊತ್ತು. 'ದೊಡ್ಡವರ ವಿಶ್ವಾಸ ಬೆಳೆಯಬೇಕು, ಸಹಕರಿಸಿ' ಅಂದರೆ ನಾನು ಯಾವ ಪುಟದಲ್ಲಿ ಬರೆಯಲಿ? ಹಾಗಾಗಿ ತಲೆ ಆಡಿಸುತ್ತೇವೆ. ನೀವು ಗೋಡೆಯವರ ಹಾಗೇ ಬನ್ನಿ. ಇಂತಿಂಥ ದಿನ ಕೋಣೆಯ ಬೀಗದ ಕೈ ಬೇಕು. ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಬೇಕು. ಇಷ್ಟು ಬೈಬಲ್ ಪ್ರತಿ ಬೇಕು. ವರ್ಷಕ್ಕೆ ಇಬ್ಬರನ್ನು ಧರ್ಮಪ್ರಾಂತ್ಯದ ಉಪದೇಶಿ ತರಬೇತಿಗೆ ಕಳಿಸಬೇಕು. ಹೀಗೆ ಒಂದು ಹಾಳೆಯಲ್ಲಿ ಬರೆದು ತಂದರೆ ಬೇಡ ಅನ್ನೋದು ನಮಗೇ ಕಷ್ಟ ಆಗುತ್ತದೆ.

ಕಾನೂನು ಕೂಡ ನಿಮ್ಮ ಕಡೆ ಇದೆ, ಸೌಮ್ಯವಾಗಿ ನೆನಪಿಸಿ. 1983ರ ಧರ್ಮಸಭೆಯ ಕಾನೂನು ಸಂಹಿತೆ, 776ನೇ ನಿಯಮ. ವಯಸ್ಕರು, ಯುವಕರು, ಮಕ್ಕಳು, ಮೂರೂ ವರ್ಗದವರಿಗೆ ಧರ್ಮೋಪದೇಶ ಕೊಡಿಸುವುದು ಧರ್ಮಕೇಂದ್ರದ ಗುರುಗಳ ಕರ್ತವ್ಯ, ಅದಕ್ಕೆ ಶ್ರೀಸಾಮಾನ್ಯರ ನೆರವು ಪಡೆಯಬೇಕು ಅಂತಲೂ ಅದರಲ್ಲೇ ಇದೆ. ಪಟ್ಟಿಯಲ್ಲಿ ವಯಸ್ಕರು ಮೊದಲು ಬರುತ್ತಾರೆ. 1979ರಲ್ಲಿ ಪೋಪ್ ಎರಡನೇ ಜಾನ್ ಪೌಲರು ವಯಸ್ಕರ ಧರ್ಮೋಪದೇಶವೇ ಎಲ್ಲಕ್ಕಿಂತ ಪ್ರಧಾನವಾದದ್ದು ಅಂದರು. ಆದರೂ ನಮ್ಮ ಪುಸ್ತಕದಲ್ಲಿ ಪೂರ್ತಿ ಖರ್ಚು ಮಕ್ಕಳ ತರಗತಿಗೆ. ಇದನ್ನು ಬರೆಯುವಾಗಲೇ ನನಗೆ ಹೊಳೆದದ್ದು, ನಿಜ.

ಇನ್ನೊಂದು, ಹಳೇಮೇಷ್ಟ್ರ ಜೊತೆ ನನ್ನ ತಕರಾರು ಇದೆ. ಸುತ್ತ ಕೂತು 'ನನಗೆ ಈ ಪದ ಇಷ್ಟವಾಯಿತು' ಅಂದುಕೊಂಡು ಎದ್ದುಹೋದರೆ ಅದು ಸಾಕಾ ಸರ್? ನಾನು ಅಂಥ ಗುಂಪಿನಲ್ಲಿ ಎರಡು ವರ್ಷ ಇದ್ದೆ. ಎಲ್ಲರೂ ಒಳ್ಳೆಯವರು. ಆದರೆ ತ್ರಿತ್ವ ಅಂದರೆ ಏನು, ಪರಮಪ್ರಸಾದದಲ್ಲಿ ಕ್ರಿಸ್ತ ನಿಜವಾಗಿ ಇದ್ದಾರೆ ಅಂದರೆ ಏನು ಅಂತ ನನ್ನ ಮಗ ಕೇಳಿದಾಗ ಬಾಯಿಗೆ ಒಂದು ಮಾತೂ ಬರಲಿಲ್ಲ. ಅವಳ ಸ್ಲೈಡೇ ವಾಸಿ ಅನ್ನಿಸಿತು ನನಗೆ.

---

ಹಳೇಮೇಷ್ಟ್ರು ಉತ್ತರ:

ಲೆಕ್ಕಪುಸ್ತಕದವರೇ, ಒಪ್ಪಿದೆ. ಅದು ನನ್ನ ಬರವಣಿಗೆಯ ದೋಷ. ಆ ಹದಿನೈದು ನಿಮಿಷ ಇದೆಯಲ್ಲ, ಅದನ್ನು ನಾನು ಸುಮ್ನೆ ಹಾರಿಸಿಬಿಟ್ಟೆ. ಉಗ್ರಾಣ ಬೇಕಾಗೋದು ಆಗಲೇ. ಶುಭಸಂದೇಶದಲ್ಲಿ ಯೇಸು ಜ್ಞಾನಸ್ನಾನ ಪಡೆಯುವ ಪ್ರಸಂಗ ಬಂತು ಅನ್ನಿ, ತಂದೆಯ ದನಿ, ಪಾರಿವಾಳದ ಹಾಗೆ ಇಳಿಯುವ ಪವಿತ್ರಾತ್ಮ, ನೀರಲ್ಲಿ ನಿಂತ ಮಗ. ತ್ರಿತ್ವದ ಮಾತು ಅವತ್ತು ಆಡದೆ ಇನ್ಯಾವತ್ತು? ಯೊವಾನ್ನ 6ನೇ ಅಧ್ಯಾಯ ಮಾರ್ಕನ ವರ್ಷದಲ್ಲಿ ಸಾಲಾಗಿ ಐದು ಭಾನುವಾರ ಬರುತ್ತದೆ. ಐದು ವಾರ ಪರಮಪ್ರಸಾದವನ್ನೇ ಮಾತಾಡಬಹುದು, ಯಾರಿಗೂ ಪಾಠ ಅನ್ನಿಸೋದಿಲ್ಲ. ಮೂರು ವರ್ಷದ ಸುತ್ತು ಮುಗಿದಾಗ ಆ ನಾಲ್ಕು ಭಾಗಗಳಲ್ಲಿ ಏನು ಬಿಟ್ಟುಹೋಯಿತು ಅಂತ ಒಂದು ಪಟ್ಟಿ ಇಟ್ಟುಕೊಂಡು ನೋಡುತ್ತೇನೆ. ನನಗೆ ಯಾವಾಗಲೂ ನೈತಿಕ ವಿಷಯಗಳೇ ಬಾಕಿ ಉಳಿಯುತ್ತವೆ. ನನ್ನ ಪುಕ್ಕಲುತನ, ಬೇರೇನೂ ಅಲ್ಲ.

ಆದರೆ ಸ್ಲೈಡೇ ವಾಸಿ ಅನ್ನೋದು ಮಾತ್ರ ಒಪ್ಪೋದಿಲ್ಲ. ಕತ್ತಲೆ ಕೋಣೆಯಲ್ಲಿ ಎಲ್ಲರೂ ಗೋಡೆ ನೋಡಿಕೊಂಡು ಕೂತರೆ ಯಾರ ಮುಖವೂ ಯಾರಿಗೂ ಕಾಣೋದಿಲ್ಲ.

---

ರಾತ್ರಿಪಾಳಿ ಉತ್ತರ:

ಶನಿವಾರ ಬೆಳಿಗ್ಗೆ ಇಟ್ಟರೆ ನಾನು ಬರುತ್ತಿದ್ದೆ, ಎಲ್ಲೇ ಇದ್ದರೂ. ಸುಮ್ನೆ ಹೇಳಿದೆ.

---

ಕೊನೇಬೆಂಚು ಉತ್ತರ:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಮೇಷ್ಟ್ರು ಹೇಳಿದ ಹಾಗೆ ಆ ನಾಲ್ವರನ್ನು ಕೇಳಿದೆ. ಬೀಗ ಹಾಕುವವರು, 'ನಾನು ಹೇಗೂ ಇರಲೇಬೇಕಲ್ಲ' ಎಂದರು. ಗಂಡ ಹೆಂಡತಿ ಇಬ್ಬರು, 'ನಿಮಗೆ ಬೇಜಾರಾಗುತ್ತದೆ ಅಂತ ಬಂದೆವು' ಎಂದರು. ನನಗೆ ನಗು ಬಂತು, ಸ್ವಲ್ಪ ಅಳುವೂ ಬಂತು.

ನಾಲ್ಕನೆಯವರು ಒಬ್ಬ ಅಕ್ಕ. ಪ್ರತಿ ವಾರ ಮುಗಿದ ಮೇಲೆ ಉಳಿದುಕೊಂಡು ನನ್ನ ಜೊತೆ ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದರು. ಮಾತು ಕಡಿಮೆ. ಫೋನ್ ಮಾಡಿ ಕೇಳಿದಾಗ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹೇಳಿದರು. ಅವರ ತಮ್ಮ ಹೋದ ವರ್ಷ ಇದ್ದಕ್ಕಿದ್ದಂತೆ ತೀರಿಕೊಂಡರಂತೆ. ಪಾಪನಿವೇದನೆ ಇಲ್ಲ, ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರ ಇಲ್ಲ, ಗುರುಗಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. 'ಅವನು ಎಲ್ಲಿದ್ದಾನೆ ಅಂತ ನೀನು ಯಾವತ್ತಾದರೂ ಹೇಳುತ್ತೀಯೇನೋ ಅಂತ ಕಾಯುತ್ತಿದ್ದೆ' ಎಂದರು.

ಮನೆಗೆ ಹೋಗಿ ಸ್ಲೈಡ್ ತೆಗೆದು ನೋಡಿದೆ. ಸತ್ತವರ ಪುನರುತ್ಥಾನ, ನಿತ್ಯಜೀವ, ಎರಡೂ ಇವೆ. ವಿಶ್ವಾಸ ಸಂಗ್ರಹದ ಕೊನೆಯ ಸಾಲು ಅಲ್ವಾ, ಎರಡನೇ ವಾರದ ಕೊನೆಗೆ ಬಂದಿತ್ತು. ಹೊತ್ತಾಯಿತು ಅಂತ ಆ ಮೂರು ಸ್ಲೈಡನ್ನು ಅರ್ಧ ನಿಮಿಷದಲ್ಲಿ ಓಡಿಸಿದ್ದೆ. ಅವರು ಆಮೇಲೆ ಇನ್ನೂ ಆರು ವಾರ ಬಂದು ಕುರ್ಚಿ ಮಡಚಿದರು.

ಈ ಶನಿವಾರ ಬೆಳಿಗ್ಗೆ ಸೇರುತ್ತಿದ್ದೇವೆ. ಪ್ರೊಜೆಕ್ಟರ್ ವಾಪಸ್ ಕೊಟ್ಟಾಯಿತು. ಮುಂದಿನ ತಿಂಗಳಿನಿಂದ ಜ್ಞಾನಸ್ನಾನದ ಪೋಷಕರ ತಯಾರಿಯಲ್ಲಿ ನಾನೂ ಕೂರುತ್ತೇನೆ ಅಂತ ಫಾದರ್‌ಗೆ ಹೇಳಿದ್ದೇನೆ, ರಾತ್ರಿಪಾಳಿಯವರ ಪ್ರಶ್ನೆಯನ್ನು ಹಾಗೇ ಕದ್ದಿದ್ದೇನೆ, ಬೇಜಾರಾಗಬೇಡಿ. ಸಮಿತಿಗೆ ಒಂದು ಹಾಳೆಯ ಪಟ್ಟಿಯೂ ಕೊಟ್ಟೆ. ಬೀಗದ ಕೈ ಸಿಕ್ಕಿತು, ಉಳಿದದ್ದು ಮುಂದಿನ ಸಭೆಗೆ.

ಮೇಷ್ಟ್ರೇ, ಆ ಅಕ್ಕನಿಗೆ ಏನು ಹೇಳಲಿ?

---

ಹಳೇಮೇಷ್ಟ್ರು ಉತ್ತರ:

ಮೊದಲು ತಮ್ಮನ ಹೆಸರು ಕೇಳಿ. ಹೇಗಿದ್ದರು, ಏನು ಮಾಡುತ್ತಿದ್ದರು ಅಂತ ಕೇಳಿ. ಅವತ್ತಿನ ಹದಿನೈದು ನಿಮಿಷ ಅದಕ್ಕೇ ಹೋದರೂ ಹೋಗಲಿ.

ಅವರು ಮತ್ತೆ ಕೇಳಿದರೆ ಆಗ ಹೇಳಿ. ದೇವರು ರಕ್ಷಣೆಯನ್ನು ಸಂಸ್ಕಾರಕ್ಕೆ ಕಟ್ಟಿದ್ದಾರೆ, ಆದರೆ ತಾವು ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ. ಈ ಮಾತು ಧರ್ಮೋಪದೇಶ ಗ್ರಂಥದ 1257ನೇ ಪರಿಚ್ಛೇದದಲ್ಲಿ ಇದೆ, ಅಲ್ಲಿ ಜ್ಞಾನಸ್ನಾನದ ಸಂದರ್ಭದಲ್ಲಿ ಬರುತ್ತದೆ, ನೀವೇ ಒಮ್ಮೆ ಓದಿಕೊಂಡು ಹೋಗಿ. 1032ನ್ನೂ ಓದಿ, ಸತ್ತವರಿಗಾಗಿ ಪ್ರಾರ್ಥಿಸೋದು ಮೊದಲಿನಿಂದ ನಡೆದುಬಂದದ್ದು ಅಂತ ಇದೆ. ಎಲ್ಲಿದ್ದಾನೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಗೊತ್ತಿದೆ ಅಂತ ಹೇಳಬೇಡಿ. ಅವನಿಗಾಗಿ ಒಂದು ಬಲಿಪೂಜೆ ಅರ್ಪಿಸೋಣ್ವಾ ಅಂತ ಕೇಳಿ, ಆ ದಿನ ನೀವೂ ಅವರ ಪಕ್ಕ ಕೂತುಕೊಳ್ಳಿ.

ಕುರ್ಚಿ ಮಡಚುವಾಗ ಅವಸರ ಮಾಡಬೇಡಿ.